ಸ್ಟೀರಿಂಗ್ ಡ್ಯಾಂಪರ್ ಹಾಕಿಸಬೇಕಾ, ಬೇಡವಾ? ತೀರ್ಮಾನಕ್ಕೆ ಮುಂಚೆ ಹೀಗೆ ನೋಡಿ

"ನನ್ನ ಬೈಕ್‌ಗೆ ಸ್ಟೀರಿಂಗ್ ಡ್ಯಾಂಪರ್ ಹಾಕಿಸಲಾ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ಅದಕ್ಕೇ ಒಂದು ಕಡೆ ಪೂರ್ತಿ ಬರೆದುಬಿಡೋಣ ಅಂತ ಕೂತೆ. ಕೇಳುವವರು ಎರಡು ಥರ. ಕೆಲವರಿಗೆ ಓಡಿಸುವಾಗ ಹ್ಯಾಂಡಲ್ ಪಟಪಟ ಅದುರಿ ಜೀವ ಬಾಯಿಗೆ ಬಂದಿದೆ. ಇನ್ನು ಕೆಲವರಿಗೆ ಏನೂ ಆಗಿಲ್ಲ, ರೇಸ್ ಬೈಕ್ ಮೇಲೆ ನೋಡಿ ನಮಗೂ ಒಂದು ಇರಲಿ ಅನ್ನಿಸಿದೆ.

ನನ್ನ ಅಭಿಪ್ರಾಯ ಮೊದಲೇ ಹೇಳುತ್ತೇನೆ. ದಿನಾ ಕೆಲಸಕ್ಕೆ ಹೋಗಿಬರುವ, ಬಿಡುವಿದ್ದಾಗ ಒಂದು ಲಾಂಗ್ ರೈಡ್ ಹೊರಡುವ ಬಹುಪಾಲು ಜನರಿಗೆ ಇದು ಬೇಕಾಗಿಲ್ಲ. ಕೆಲವರಿಗೆ ನಿಜಕ್ಕೂ ಬೇಕು. ಆದರೆ ಬೇಕಾದವರೂ ಇದನ್ನು ಕಟ್ಟಕಡೆಗೆ ಹಾಕಿಸಬೇಕು. ಯಾಕೆಂದರೆ ಡ್ಯಾಂಪರ್ ಹಾಕಿದ ಮೇಲೂ ಬೈಕಿನ ದೋಷ ಹಾಗೇ ಇರುತ್ತದೆ, ಅದು ನಿಮ್ಮ ಕೈಗೆ ಗೊತ್ತಾಗುವುದು ಮಾತ್ರ ನಿಂತುಹೋಗುತ್ತದೆ. ಸವೆದ ಬೇರಿಂಗ್ ಸವೆಯುತ್ತಲೇ ಹೋಗುತ್ತದೆ, ನೀವು ಆರಾಮಾಗಿ ಓಡಿಸುತ್ತಲೇ ಇರುತ್ತೀರಿ. ನನಗೆ ಭಯ ಇರುವುದು ಅದರ ಬಗ್ಗೆಯೇ.

ಡ್ಯಾಂಪರ್ ಅಂದರೇನು

ಹಿಂದಿನ ಶಾಕ್ ಅಬ್ಸಾರ್ಬರ್ ಗೊತ್ತಲ್ವಾ? ಅದರ ಸ್ಪ್ರಿಂಗ್ ತೆಗೆದು, ಚಿಕ್ಕದು ಮಾಡಿ, ಅಡ್ಡ ಮಲಗಿಸಿದರೆ ಸ್ಟೀರಿಂಗ್ ಡ್ಯಾಂಪರ್. ಒಂದು ಕೊಳವೆ, ಒಳಗೆ ಎಣ್ಣೆ, ಎಣ್ಣೆಯಲ್ಲಿ ಪಿಸ್ಟನ್, ಪಿಸ್ಟನ್‌ಗೆ ಸೇರಿದ ರಾಡ್. ಒಂದು ತುದಿ ಚಾಸಿಗೆ, ಇನ್ನೊಂದು ತುದಿ ಫೋರ್ಕ್‌ಗೆ ಅಥವಾ ಟ್ರಿಪಲ್ ಕ್ಲ್ಯಾಂಪ್‌ಗೆ. ಫೋರ್ಕ್ ಅಂದರೆ ಮುಂದಿನ ಚಕ್ರವನ್ನು ಎರಡೂ ಪಕ್ಕ ಹಿಡಿದಿರುವ ಕೊಳವೆಗಳು. ಟ್ರಿಪಲ್ ಕ್ಲ್ಯಾಂಪ್ ಅಂದರೆ ಎರಡೂ ಫೋರ್ಕ್‌ಗಳನ್ನು ಮೇಲೊಂದು ಕೆಳಗೊಂದು ಹಿಡಿದುಕೊಂಡಿರುವ ದಪ್ಪ ಲೋಹದ ತುಂಡು.

ಹ್ಯಾಂಡಲ್ ತಿರುಗಿದರೆ ಪಿಸ್ಟನ್ ಜರುಗುತ್ತದೆ. ಎಣ್ಣೆ ಸಣ್ಣ ರಂಧ್ರದಲ್ಲಿ ತೂರಿ ಆ ಕಡೆಗೆ ಹೋಗಬೇಕು. ನಿಧಾನಕ್ಕೆ ತಿರುಗಿಸಿದರೆ ಎಣ್ಣೆಗೆ ಹೋಗಲು ಸಮಯ ಇರುತ್ತದೆ, ಕೈಗೆ ಏನೂ ಗೊತ್ತಾಗುವುದಿಲ್ಲ. ಪಟ್ ಅಂತ ತಿರುಗಿದರೆ ಎಣ್ಣೆ ಅಷ್ಟು ಬೇಗ ಜಾಗ ಬಿಡುವುದಿಲ್ಲ, ಎದುರು ಒತ್ತುತ್ತದೆ. ಬರೀ ರಂಧ್ರವಷ್ಟೇ ಇರುವ ಡ್ಯಾಂಪರ್‌ನಲ್ಲಿ ವೇಗ ಎರಡರಷ್ಟಾದರೆ ತಡೆ ಸುಮಾರು ನಾಲ್ಕರಷ್ಟಾಗುತ್ತದೆ. ಅಂದರೆ ನೀವು ಬೇಕಂತಲೇ ತಿರುಗಿಸುವುದನ್ನು ಬಿಟ್ಟುಕೊಡುತ್ತದೆ, ರಸ್ತೆ ಒದ್ದು ತಿರುಗಿಸುವುದನ್ನು ತಡೆಯುತ್ತದೆ.

ಒಂದು ತಪ್ಪು ತಿಳಿವಳಿಕೆ ಇಲ್ಲೇ ಹೋಗಲಿ. ಡ್ಯಾಂಪರ್‌ನಲ್ಲಿ ಸ್ಪ್ರಿಂಗ್ ಇಲ್ಲ, ಹಾಗಾಗಿ ಅದು ಹ್ಯಾಂಡಲನ್ನು ನೇರಕ್ಕೆ ತರುವುದಿಲ್ಲ. ನೇರಕ್ಕೆ ತರುವ ಕೆಲಸ ಟ್ರೇಲ್‌ನದು.

ಹ್ಯಾಂಡಲ್ ಅದುರುವುದು ಯಾಕೆ

ಟ್ರೇಲ್ ಅಂದರೆ ಇಷ್ಟೇ. ಹ್ಯಾಂಡಲ್ ತಿರುಗುವ ಅಕ್ಷವನ್ನು ಒಂದು ಗೆರೆ ಅಂದುಕೊಂಡು ನೆಲದವರೆಗೆ ಎಳೆಯಿರಿ. ಅದು ಟೈರ್ ನೆಲಕ್ಕೆ ತಾಗುವ ಜಾಗಕ್ಕಿಂತ ಸ್ವಲ್ಪ ಮುಂದೆ ಮುಟ್ಟುತ್ತದೆ. ಆ ಅಂತರವೇ ಟ್ರೇಲ್. ಸ್ಪೋರ್ಟ್ಸ್ ಬೈಕ್‌ಗಳಲ್ಲಿ ಸುಮಾರು 95ರಿಂದ 105 ಮಿ.ಮೀ. ಇರುತ್ತದೆ. ಆ ಅಕ್ಷ ಎಷ್ಟು ಓರೆಯಾಗಿದೆ ಅನ್ನುವುದು ರೇಕ್. ಸ್ಪೋರ್ಟ್ಸ್ ಬೈಕ್‌ನಲ್ಲಿ 23ರಿಂದ 25 ಡಿಗ್ರಿ, ಉದ್ದನೆಯ ಕ್ರೂಸರ್‌ಗಳಲ್ಲಿ 30 ಡಿಗ್ರಿ ಅಥವಾ ಇನ್ನೂ ಜಾಸ್ತಿ. ಟ್ರೇಲ್ ಇರುವುದರಿಂದಲೇ ಮುಂದಿನ ಚಕ್ರ ಅಕ್ಷದ ಹಿಂದೆ ಎಳೆದುಕೊಂಡು ಬಂದಂತೆ ನೇರವಾಗಿ ಬರುತ್ತದೆ.

ಅಂಗಡಿಗಳಲ್ಲಿ ಸಾಮಾನು ತುಂಬಿಕೊಂಡು ತಳ್ಳುವ ಟ್ರಾಲಿಯ ಪುಟ್ಟ ಚಕ್ರ ನೆನಪಿಸಿಕೊಳ್ಳಿ. ಅದೂ ಹೀಗೇ ಹಿಂದೆ ಎಳೆದುಕೊಂಡು ಬರುವ ಚಕ್ರ. ನಿಧಾನಕ್ಕೆ ತಳ್ಳಿದರೆ ನೆಟ್ಟಗಿರುತ್ತದೆ, ಜೋರಾಗಿ ತಳ್ಳಿದರೆ ಗಡಗಡ ಅಂತ ಎಡಬಲಕ್ಕೆ ಹೊಡೆದುಕೊಳ್ಳುತ್ತದೆ. ನೇರಕ್ಕೆ ಬರಲು ಹೋಗಿ ಆ ಕಡೆ ದಾಟುತ್ತದೆ, ಮತ್ತೆ ವಾಪಸ್, ಮತ್ತೆ ದಾಟುತ್ತದೆ. ಬೈಕಿನ ಮುಂಭಾಗದಲ್ಲೂ ಆಗುವುದು ಇದೇ.

ಅದುರುವಿಕೆಯಲ್ಲಿ ಎರಡು ಬಗೆ ಇದೆ. ಇವೆರಡನ್ನೂ ಒಂದೇ ಅಂದುಕೊಂಡು ಡ್ಯಾಂಪರ್ ಹಾಕಿಸಿ ಮೋಸಹೋದವರು ಬಹಳ ಜನ.

ಮೊದಲನೆಯದು ವಾಬಲ್. ಹ್ಯಾಂಡಲ್ ಒಂದೇ ಪಟಪಟ ಹೊಡೆದುಕೊಳ್ಳುತ್ತದೆ, ಸೆಕೆಂಡಿಗೆ ಸುಮಾರು 4ರಿಂದ 10 ಸಲ. ಸಣ್ಣದಾಗಿ ಆಗಿ ತಾನೇ ನಿಂತರೆ ಹೆಡ್‌ಶೇಕ್ ಅನ್ನುತ್ತಾರೆ. ನಿಲ್ಲದೆ ಬೆಳೆದು ಈ ತುದಿಯಿಂದ ಆ ತುದಿಗೆ ಬಡಿದುಕೊಂಡರೆ ಅದು ಟ್ಯಾಂಕ್ ಸ್ಲ್ಯಾಪರ್. ಹ್ಯಾಂಡಲ್ ಪೆಟ್ರೋಲ್ ಟ್ಯಾಂಕ್‌ಗೆ ಹೊಡೆಯುವುದರಿಂದ ಆ ಹೆಸರು.

ಎರಡನೆಯದು ವೀವ್. ಇಲ್ಲಿ ಇಡೀ ಬೈಕ್ ಹಾವಿನ ಹಾಗೆ ಓಲಾಡುತ್ತದೆ, ಸೆಕೆಂಡಿಗೆ 2ರಿಂದ 4 ಸಲ. ಹ್ಯಾಂಡಲ್‌ಗಿಂತ ಸೀಟಿನ ಕೆಳಗೆ ಜಾಸ್ತಿ ಗೊತ್ತಾಗುತ್ತದೆ. ಹೆಚ್ಚು ವೇಗದಲ್ಲಿ ಬರುತ್ತದೆ.

ಸ್ಟೀರಿಂಗ್ ಡ್ಯಾಂಪರ್ ಹಿಡಿತಕ್ಕೆ ತರುವುದು ವಾಬಲನ್ನು. ವೀವ್‌ಗೆ ಅದು ಮದ್ದಲ್ಲ, ಬಿಗಿ ಜಾಸ್ತಿ ಮಾಡಿದರೆ ವೀವ್ ಇನ್ನೂ ಕೆಡಬಹುದು. ಇದು ಹೊಸ ವಿಷಯವೇನಲ್ಲ. ರಾಬಿನ್ ಶಾರ್ಪ್ ಅನ್ನುವ ಎಂಜಿನಿಯರ್ 1971ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಡ್ಯಾಂಪಿಂಗ್ ಹೆಚ್ಚಿಸುತ್ತಾ ಹೋದರೆ ವಾಬಲ್ ತಗ್ಗುತ್ತದೆ, ಹೆಚ್ಚು ವೇಗದ ವೀವ್ ಮಾತ್ರ ಹದಗೆಡುತ್ತದೆ. ಇದೊಂದು ಗೊತ್ತಿದ್ದರೆ ಮುಂದಿನದೆಲ್ಲ ಸುಲಭ.

1. ನಿಮ್ಮ ಬೈಕಿನದು ಯಾವ ಅದುರು ಅಂತ ಗುರುತಿಸಿ

ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಯಾವ ವೇಗದಲ್ಲಿ? ಎಕ್ಸಿಲರೇಟರ್ ಕೊಡುವಾಗಲಾ, ಬಿಡುವಾಗಲಾ, ಬ್ರೇಕ್ ಹಿಡಿದಾಗಲಾ? ಒಬ್ಬರೇ ಇದ್ದಾಗಲೂ ಬರುತ್ತದಾ, ಹಿಂದೆ ಯಾರಾದರೂ ಕೂತಾಗ ಅಥವಾ ಲಗೇಜ್ ಇದ್ದಾಗ ಮಾತ್ರವಾ? ಯಾವಾಗಿನಿಂದ ಶುರುವಾಯಿತು? ಟೈರ್ ಬದಲಿಸಿದ ಮೇಲಾ, ಬಿದ್ದ ಮೇಲಾ, ಟಾಪ್ ಬಾಕ್ಸ್ ಹಾಕಿಸಿದ ಮೇಲಾ?

ವೇಗ ನಿಧಾನಕ್ಕೆ ಇಳಿಯುವಾಗ 50ರಿಂದ 70 ಕಿ.ಮೀ. ಆಸುಪಾಸಿನಲ್ಲಿ ಮಾತ್ರ ಹ್ಯಾಂಡಲ್ ಅದುರಿದರೆ ಕಾರಣ ಹೆಚ್ಚಾಗಿ ಮುಂದಿನ ಚಕ್ರದಲ್ಲೇ ಇರುತ್ತದೆ. ಅದಕ್ಕೊಂದು ಲೆಕ್ಕ ಇದೆ. 17 ಇಂಚಿನ ರಿಮ್‌ಗೆ 120/70 ಟೈರ್ ಇದ್ದರೆ ಸುತ್ತಳತೆ ಸುಮಾರು 1.9 ಮೀಟರ್. ಗಂಟೆಗೆ 50 ಕಿ.ಮೀ.ನಲ್ಲಿ ಆ ಚಕ್ರ ಸೆಕೆಂಡಿಗೆ 7 ಸುತ್ತಿಗಿಂತ ಸ್ವಲ್ಪ ಜಾಸ್ತಿ, 70 ಕಿ.ಮೀ.ನಲ್ಲಿ ಸುಮಾರು 10 ಸುತ್ತು ಹೊಡೆಯುತ್ತದೆ. ಹ್ಯಾಂಡಲ್ ಅದುರಲು ಇಷ್ಟಪಡುವುದೂ ಸೆಕೆಂಡಿಗೆ ಅಷ್ಟೇ ಸಲ ಅಲ್ವಾ? ಚಕ್ರದಲ್ಲಿ ಒಂದು ಕಡೆ ಭಾರ ಜಾಸ್ತಿ ಇದ್ದರೆ ಸುತ್ತಿಗೊಂದು ಸಲ ತಟ್ಟುತ್ತಾ, ಸರಿಯಾಗಿ ತಾಳಕ್ಕೆ ತಾಳ ಸೇರಿ, ಉಯ್ಯಾಲೆ ತಳ್ಳಿದ ಹಾಗೆ ಆಗುತ್ತದೆ.

ಎಚ್ಚರಿಕೆ: ಪರೀಕ್ಷೆ ಮಾಡೋಣ ಅಂತ ಎರಡೂ ಕೈ ಬಿಟ್ಟು ನೋಡಬೇಡಿ. ದಯವಿಟ್ಟು ಬೇಡ. ಸಡಿಲವಾಗಿ ಹಿಡಿದುಕೊಂಡರೆ ಸಾಕು, ಅದುರು ಇದ್ದರೆ ಅಂಗೈಗೆ ಗೊತ್ತಾಗುತ್ತದೆ.

2. ಬೈಕನ್ನು ತಪಾಸಣೆ ಮಾಡಿ

ಈ ಹಂತವನ್ನು ಹಾರಿಸಿಕೊಂಡು ಹೋಗಬೇಡಿ. ಡ್ಯಾಂಪರ್ ಬೇಕು ಅಂತ ಬಂದ ಎಷ್ಟೋ ಬೈಕ್‌ಗಳ ಕತೆ ಇಲ್ಲೇ ಮುಗಿಯುತ್ತದೆ. ನನ್ನ ಬೈಕಿನದೂ ಹಾಗೇ ಆಗಿತ್ತು. 60ರ ಹತ್ತಿರ ಅದುರುತ್ತಿತ್ತು, ಡ್ಯಾಂಪರ್ ಆರ್ಡರ್ ಮಾಡುವವನಿದ್ದೆ, ಮುಂದಿನ ಟೈರ್ ಬದಲಿಸಿದ ದಿನವೇ ನಿಂತುಹೋಯಿತು.

ಟೈರ್‌ನಿಂದ ಶುರು ಮಾಡಿ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ಗಾಳಿ ನೋಡಿ, ಬೈಕ್ ಜೊತೆ ಬಂದ ಪುಸ್ತಕದಲ್ಲಿ ಹೇಳಿದಷ್ಟೇ ಇರಲಿ. ಆಮೇಲೆ ಮುಂದಿನ ಟೈರ್ ಮೇಲೆ ಅಂಗೈ ಇಟ್ಟು ಸುತ್ತಿನ ಗುಂಟ ಒಂದು ಸಲ ಮುಂದಕ್ಕೆ, ಒಂದು ಸಲ ಹಿಂದಕ್ಕೆ ಸವರಿ. ಒಂದು ದಿಕ್ಕಿನಲ್ಲಿ ನುಣುಪು, ಇನ್ನೊಂದು ದಿಕ್ಕಿನಲ್ಲಿ ಗರಗಸದ ಹಲ್ಲಿನ ಹಾಗೆ ಕೈಗೆ ತಡೆದರೆ ಟೈರ್ ಅಲೆ ಅಲೆಯಾಗಿ ಸವೆದಿದೆ. ಕಣ್ಣಿಗೆ ಇನ್ನೂ ಬಟನ್ ಚೆನ್ನಾಗಿ ಕಾಣುತ್ತಿರಬಹುದು, ಆದರೂ ಅದು ಹ್ಯಾಂಡಲ್ ಅದುರಿಸಲು ಸಾಕು. ರಿಮ್ ಮೇಲೆ ಅಂಟಿಸಿದ ಬ್ಯಾಲೆನ್ಸ್ ತೂಕ ಬಿದ್ದುಹೋಗಿದೆಯಾ, ಅಂಟಿನ ಗುರುತು ಮಾತ್ರ ಉಳಿದಿದೆಯಾ ನೋಡಿ. ಚಕ್ರ ಎತ್ತಿ ತಿರುಗಿಸಿ, ರಿಮ್ ಔಟ್ ಆಗಿದ್ದರೆ ಫೋರ್ಕ್ ಪಕ್ಕ ಬೆರಳು ಹಿಡಿದರೇ ಗೊತ್ತಾಗುತ್ತದೆ. ಕಡ್ಡಿ ಚಕ್ರ ಆದರೆ ಒಂದೊಂದು ಕಡ್ಡಿಯನ್ನೂ ಸ್ಪ್ಯಾನರ್‌ನಿಂದ ಮೆಲ್ಲಗೆ ತಟ್ಟಿ ಕೇಳಿ. ಬಿಗಿಯಾದದ್ದು ಟಣ್ ಅನ್ನುತ್ತದೆ, ಸಡಿಲಾದದ್ದು ಮಂಕಾಗಿ ಡಬ್ ಅನ್ನುತ್ತದೆ.

ಮುಂದಿನದು ಕೋನ್ ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಜಾಗದ ಬೇರಿಂಗ್. ಇದನ್ನು ನಿಧಾನವಾಗಿ ನೋಡಿ. ಮುಂದಿನ ಚಕ್ರ ನೆಲದಿಂದ ಮೇಲೆ ಬರುವ ಹಾಗೆ ಬೈಕನ್ನು ಭದ್ರವಾಗಿ ನಿಲ್ಲಿಸಿ, ಇನ್ನೊಬ್ಬರು ಹಿಡಿದುಕೊಳ್ಳಲಿ. ನೀವು ಮುಂದೆ ಕೂತು ಎರಡೂ ಫೋರ್ಕ್‌ಗಳ ಕೆಳತುದಿ ಹಿಡಿದು ನಿಮ್ಮ ಕಡೆಗೆ ಎಳೆಯಿರಿ, ಆ ಕಡೆಗೆ ತಳ್ಳಿ. ಮೇಲೆ ಎಲ್ಲೋ ಟಕ್ ಅಂತ ಕೈಗೆ ತಾಗಿದರೆ ಕೋನ್ ಸೆಟ್ ಲೂಸ್ ಇದೆ. ಈಗ ಹ್ಯಾಂಡಲನ್ನು ಒಂದೇ ಬೆರಳಿನಲ್ಲಿ ಮೆಲ್ಲಗೆ ಈ ಕಡೆಯಿಂದ ಆ ಕಡೆಗೆ ತಿರುಗಿಸಿ. ಸರಿಯಾಗಿ ನಡುವೆ ಬಂದಾಗ ಹಳ್ಳಕ್ಕೆ ಬಿದ್ದ ಹಾಗೆ ಕಚ್ಚಿ ನಿಂತರೆ, ಒಳಗಿನ ಗುಂಡುಗಳು ಬಟ್ಟಲಿನಲ್ಲಿ ಗುಳಿ ಮಾಡಿವೆ ಅಂತ ಅರ್ಥ. ಅದನ್ನು ಬಿಗಿ ಮಾಡಿ ಸರಿಪಡಿಸಲು ಆಗುವುದಿಲ್ಲ, ಸೆಟ್ ಬದಲಿಸಲೇಬೇಕು. ಹಾಗಂತ ಅತಿಯಾಗಿ ಬಿಗಿ ಮಾಡಿದರೂ ಕಷ್ಟವೇ. ನಿಧಾನ ವೇಗದಲ್ಲಿ ಬೈಕ್ ಕುಡಿದವರ ಹಾಗೆ ಆ ಕಡೆ ಈ ಕಡೆ ಹೋಗುತ್ತದೆ.

ನಿಮ್ಮ ಬೈಕಿನಲ್ಲಿ ಈಗಾಗಲೇ ಡ್ಯಾಂಪರ್ ಇದ್ದರೆ, ಕೋನ್ ಸೆಟ್ ನೋಡುವ ಮುಂಚೆ ಅದರ ಒಂದು ತುದಿ ಬಿಚ್ಚಿ. ಇಲ್ಲದಿದ್ದರೆ ಆ ಕಚ್ಚು ನಿಮ್ಮ ಬೆರಳಿಗೆ ಗೊತ್ತೇ ಆಗುವುದಿಲ್ಲ.

ಇನ್ನು ಉಳಿದದ್ದು ಬೇಗ ಆಗುತ್ತದೆ. ಚಕ್ರದ ಮೇಲ್ಭಾಗ, ಕೆಳಭಾಗ ಹಿಡಿದು ಅಡ್ಡ ಅಲ್ಲಾಡಿಸಿ, ಆಟ ಇದ್ದರೆ ವೀಲ್ ಬೇರಿಂಗ್ ಹೋಗಿದೆ. ಸ್ವಿಂಗ್ ಆರ್ಮ್, ಅಂದರೆ ಹಿಂದಿನ ಚಕ್ರ ಹಿಡಿದಿರುವ ತೋಳನ್ನೂ ಹೀಗೇ ಅಲ್ಲಾಡಿಸಿ. ಚೈನ್ ಟೈಟ್ ಮಾಡುವ ಗುರುತುಗಳು ಎರಡೂ ಕಡೆ ಒಂದೇ ಗೆರೆಯಲ್ಲಿ ಇರಬೇಕು, ಇಲ್ಲದಿದ್ದರೆ ಹಿಂದಿನ ಚಕ್ರ ಓರೆಯಾಗಿರುತ್ತದೆ. ಹಿಂದಿನ ಶಾಕ್ ಅಬ್ಸಾರ್ಬರ್ ಸತ್ತಿದ್ದರೆ ಬರುವುದು ವೀವ್.

ಬೈಕಿನ ಎತ್ತರ ಯಾರಾದರೂ ಬದಲಿಸಿದ್ದಾರಾ ಅನ್ನುವುದನ್ನೂ ನೋಡಿ. ಫೋರ್ಕ್ ಕೊಳವೆಗಳನ್ನು ಕ್ಲ್ಯಾಂಪ್‌ನಿಂದ ಮೇಲಕ್ಕೆ ಎಳೆದು ಮುಂಭಾಗ ತಗ್ಗಿಸಿದ್ದರೆ, ಅಥವಾ ಹಿಂಭಾಗ ಎತ್ತರಿಸಿದ್ದರೆ, ರೇಕ್ ಕಡಿಮೆಯಾಗುತ್ತದೆ, ಟ್ರೇಲ್ ಕೂಡ ಕಡಿಮೆಯಾಗುತ್ತದೆ. ಬೈಕ್ ಚುರುಕಾಗುತ್ತದೆ ನಿಜ, ಜೊತೆಗೆ ಗಾಬರಿ ಸ್ವಭಾವದ್ದೂ ಆಗುತ್ತದೆ. ಮೊದಲು ಕಂಪನಿ ಕೊಟ್ಟ ಅಳತೆಗೆ ವಾಪಸ್ ತನ್ನಿ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ ನೋಡಿ. ನಾಲ್ಕೂ ಒಟ್ಟಿಗೆ ಮಾಡಿದರೆ ಯಾವುದರಿಂದ ಸರಿಹೋಯಿತು ಅಂತ ಎಂದಿಗೂ ತಿಳಿಯುವುದಿಲ್ಲ.

3. ಭಾರ ಮತ್ತು ಕೈ

ಟಾಪ್ ಬಾಕ್ಸ್ ಹಿಂದಿನ ಚಕ್ರದ ಆಕ್ಸಲ್‌ಗಿಂತ ಹಿಂದೆ, ಎತ್ತರದಲ್ಲಿ ಕೂತಿರುತ್ತದೆ. ಅದರಲ್ಲಿ ತುಂಬಿದ ಒಂದೊಂದು ಕಿಲೋ ಮುಂದಿನ ಚಕ್ರದ ಮೇಲಿನ ಭಾರವನ್ನು ಇಳಿಸುತ್ತದೆ. ಭಾರದ ಸಾಮಾನು ಟ್ಯಾಂಕ್ ಬ್ಯಾಗ್‌ಗೆ ಅಥವಾ ಪಕ್ಕದ ಚೀಲಗಳ ತಳಕ್ಕೆ ಹೋಗಲಿ, ಟಾಪ್ ಬಾಕ್ಸ್‌ನಲ್ಲಿ ಹಗುರವಾದದ್ದು ಮಾತ್ರ ಇರಲಿ. ಹಿಂದೆ ಇನ್ನೊಬ್ಬರು ಕೂರುವುದಾದರೆ ಹಿಂದಿನ ಸ್ಪ್ರಿಂಗ್‌ನ ಪ್ರೀಲೋಡ್ ಹೆಚ್ಚಿಸಿ. ಪ್ರೀಲೋಡ್ ಅಂದರೆ ಸ್ಪ್ರಿಂಗನ್ನು ಮೊದಲೇ ಎಷ್ಟು ಒತ್ತಿ ಕೂರಿಸಿದ್ದೀರಿ ಅನ್ನುವುದು.

ಇನ್ನು ಕೈ. ಭಯವಾದಾಗ ಎಲ್ಲರೂ ಹ್ಯಾಂಡಲನ್ನು ಗಟ್ಟಿಯಾಗಿ ಅವುಚಿಕೊಳ್ಳುತ್ತಾರೆ. ಅದೇ ತಪ್ಪು. ಸೆಕೆಂಡಿಗೆ 8 ಸಲ ಅದುರುವ ಹ್ಯಾಂಡಲ್ ಒಂದು ಸುತ್ತು ಹೋಗಿಬರಲು ತೆಗೆದುಕೊಳ್ಳುವುದು ಸೆಕೆಂಡಿನ ಎಂಟನೇ ಒಂದು ಭಾಗ. ನಮ್ಮ ಕಣ್ಣು, ಮಿದುಳು, ಕೈ ಸೇರಿ ಪ್ರತಿಕ್ರಿಯೆ ಕೊಡಲು ಸೆಕೆಂಡಿನ ಐದನೇ ಒಂದು ಭಾಗವಾದರೂ ಬೇಕು. ಅಂದರೆ ನೀವು ಎಡಕ್ಕೆ ತಡೆಯುವ ಹೊತ್ತಿಗೆ ಹ್ಯಾಂಡಲ್ ಆಗಲೇ ಬಲಕ್ಕೆ ಹೋಗಿ ಬಂದಿರುತ್ತದೆ, ನೀವು ತಡೆಯುವ ಬದಲು ಅದಕ್ಕೆ ಇನ್ನಷ್ಟು ಬಲ ಕೊಡುತ್ತೀರಿ. ಮೊಣಕೈ ಸಡಿಲ ಇರಲಿ, ಮೊಣಕಾಲಿನಿಂದ ಟ್ಯಾಂಕ್ ಹಿಡಿಯಿರಿ. ಮೈಭಾರ ಕಾಲಿನ ಮೇಲೆ ಇರಲಿ. ಹ್ಯಾಂಡಲ್ ಇರುವುದು ದಿಕ್ಕು ತೋರಿಸಲು, ಜೋತುಬೀಳಲು ಅಲ್ಲ.

4. ಈಗ ತೀರ್ಮಾನ ಮಾಡಿ

ಮೇಲಿನದೆಲ್ಲ ಸರಿ ಇದೆ, ಆದರೂ ಅದುರುತ್ತದೆ ಅಂದರೆ ಡ್ಯಾಂಪರ್ ಬಗ್ಗೆ ಯೋಚಿಸೋಣ. ನನ್ನ ಲೆಕ್ಕದಲ್ಲಿ ಇವರಿಗೆ ಹಾಕಿಸಿದ್ದು ಸಾರ್ಥಕ:

ಟ್ರ್ಯಾಕ್‌ನಲ್ಲಿ ಓಡಿಸುವವರು. ತಿರುವಿನಿಂದ ಹೊರಗೆ ಬರುವಾಗ ಜೋರಾಗಿ ಎಕ್ಸಿಲರೇಟರ್ ಕೊಟ್ಟರೆ ಮುಂದಿನ ಚಕ್ರ ಹಗುರಾಗುತ್ತದೆ. ಅದು ನೆಲ ಬಿಟ್ಟು ಸ್ವಲ್ಪ ಓರೆಯಾಗಿ ಮತ್ತೆ ತಾಗಿದರೆ ಒಮ್ಮೆಲೇ ನೇರಕ್ಕೆ ಜಗ್ಗುತ್ತದೆ. ಹೆಡ್‌ಶೇಕ್ ಶುರುವಾಗುವುದೇ ಆ ಕ್ಷಣದಲ್ಲಿ. ಹಗುರ ಮೈ, ದೊಡ್ಡ ಎಂಜಿನ್, ಗಿಡ್ಡ ವೀಲ್‌ಬೇಸ್ (ಎರಡು ಚಕ್ರಗಳ ನಡುವಿನ ಅಂತರ) ಇರುವ ಬೈಕನ್ನು ಉಬ್ಬುತಗ್ಗಿನ ರಸ್ತೆಯಲ್ಲಿ ಹಾಗೆ ಓಡಿಸುವವರಿಗೂ ಇದೇ ಮಾತು. ಕೆಲವು ಬೈಕ್‌ಗಳಿಗೆ ಕಂಪನಿಯೇ ಇದರ ಅಗತ್ಯ ಕಂಡುಕೊಂಡದ್ದುಂಟು. 1997ರ ಸುಜುಕಿ ಟಿಎಲ್1000ಎಸ್‌ನಲ್ಲಿ ಹ್ಯಾಂಡಲ್ ಬಡಿದುಕೊಳ್ಳುತ್ತದೆ ಎಂಬ ದೂರು ಬಂದ ಮೇಲೆ ಅದಕ್ಕೆ ಡ್ಯಾಂಪರ್ ಸೇರಿಸಲಾಯಿತು.

ಮರಳು, ಕಲ್ಲು, ಗಾಲಿ ಕೊರೆದ ಹಳ್ಳಗಳಲ್ಲಿ ವೇಗವಾಗಿ ಹೋಗುವ ಆಫ್‌ರೋಡ್ ಸವಾರರು. ಇಲ್ಲಿ ಲಾಭ ಬರೀ ಸುರಕ್ಷತೆಯದಲ್ಲ. ಒಂದು ಕಲ್ಲು ಮುಂದಿನ ಚಕ್ರಕ್ಕೆ ಓರೆಯಾಗಿ ಹೊಡೆದರೆ ಹ್ಯಾಂಡಲ್ ಕೈಯಿಂದ ಕಿತ್ತುಕೊಳ್ಳುತ್ತದೆ, ಅದನ್ನು ದಿನವಿಡೀ ತಡೆದು ತಡೆದು ಮುಂಗೈ ಸೋತುಹೋಗುತ್ತದೆ. ಆ ಆಯಾಸ ಕಡಿಮೆಯಾಗುವುದೇ ದೊಡ್ಡ ಲಾಭ.

ಸೈಡ್‌ಕಾರ್ ಜೋಡಿಸಿದವರು. ನಿಧಾನ ವೇಗದಲ್ಲೇ ಹ್ಯಾಂಡಲ್ ಹೊಡೆದುಕೊಳ್ಳುವುದು ಅಲ್ಲಿ ಮಾಮೂಲಿ ತೊಂದರೆ.

ಬೇಡವಾದವರು ಯಾರು? ಊರೊಳಗೆ ಓಡಿಸುವವರು, ಸ್ಕೂಟರ್ ಇರುವವರು, ಉದ್ದನೆಯ ಕ್ರೂಸರ್ ಇರುವವರು. ಹೊಸದಾಗಿ ಕಲಿಯುತ್ತಿರುವವರಿಗಂತೂ ಖಂಡಿತ ಬೇಡ, ಮುಂದಿನ ಟೈರ್ ಏನು ಹೇಳುತ್ತಿದೆ ಅನ್ನುವುದನ್ನು ಅವರ ಕೈ ಇನ್ನೂ ಕಲಿಯುತ್ತಿರುತ್ತದೆ, ಅದರ ನಡುವೆ ಎಣ್ಣೆಯ ಗೋಡೆ ಕಟ್ಟಬಾರದು. ಅದೇ ಹಣದಲ್ಲಿ ಒಳ್ಳೆಯ ಟೈರ್, ಹೊಸ ಕೋನ್ ಸೆಟ್, ಫೋರ್ಕ್ ಎಣ್ಣೆ ಮಾಡಿಸಿದರೆ ಬೈಕ್ ಪ್ರತಿ ಕಿಲೋಮೀಟರ್‌ನಲ್ಲೂ ಚೆನ್ನಾಗಿ ಹೋಗುತ್ತದೆ. ಡ್ಯಾಂಪರ್ ಕೆಲಸಕ್ಕೆ ಬರುವುದು ಅಪರೂಪದ ಆ ಎರಡು ಸೆಕೆಂಡಿನಲ್ಲಿ.

ಕಂಪನಿಯಿಂದಲೇ ಡ್ಯಾಂಪರ್ ಬಂದಿದ್ದರೆ ಮಾತ್ರ, ಅದನ್ನು ಯಾವ ಕಾರಣಕ್ಕೂ ಬಿಚ್ಚಿಡಬೇಡಿ.

5. ಯಾವ ಥರದ್ದು ತೆಗೆದುಕೊಳ್ಳುವುದು

ರಾಡ್ ಇರುವ ಉದ್ದನೆಯದು ಸರಳ, ಹಗುರ, ರಸ್ತೆ ಮತ್ತು ಟ್ರ್ಯಾಕ್‌ಗೆ ಸಾಕು. ಕೊಂಡುಕೊಳ್ಳುವ ಮುಂಚೆ ಕೈಯಲ್ಲಿ ಹಿಡಿದು ರಾಡನ್ನು ನಿಧಾನಕ್ಕೆ ಒಳಗೆ ಹೊರಗೆ ಮಾಡಿ. ಇಡೀ ಉದ್ದಕ್ಕೂ ಒಂದೇ ಸಮನಾದ ತಡೆ ಇರಬೇಕು. ನಡುವೆ ಎಲ್ಲೋ ಪುಸ್ ಅಂತ ಖಾಲಿ ಜಾರಿದರೆ ಒಳಗೆ ಗಾಳಿ ಸೇರಿದೆ. ಆಮೇಲೆ ಜೋರಾಗಿ ತಳ್ಳಿ, ಗೋಡೆ ತಳ್ಳಿದ ಹಾಗೆ ಆಗಬೇಕು. ಸೆಕೆಂಡ್ ಹ್ಯಾಂಡ್ ಆದರೆ ರಾಡ್ ಮೇಲೆ ಗೀರು ಇದೆಯಾ, ಸೀಲ್ ಹತ್ತಿರ ಎಣ್ಣೆ ಒಸರಿದೆಯಾ ನೋಡದೆ ತೆಗೆದುಕೊಳ್ಳಬೇಡಿ.

ರೋಟರಿ ಬಗೆಯದು ಒಂದು ಪುಟ್ಟ ಡಬ್ಬಿ, ಹ್ಯಾಂಡಲ್‌ನ ನಡುವೆ ಮೇಲೆ ಕೂರುತ್ತದೆ. ಒಳಗೆ ಪಿಸ್ಟನ್ ಬದಲು ಬಾಗಿಲಿನ ಹಾಗೆ ತಿರುಗುವ ಒಂದು ಹಲಗೆ. ಆಫ್‌ರೋಡ್‌ಗೆ ಇದೇ ವಾಸಿ, ಬಿದ್ದಾಗ ಬಾಗುವ ರಾಡ್ ಇಲ್ಲ. ಇದರಲ್ಲಿ ಕೆಲವು ನಡುವಿನಿಂದ ಹೊರಗೆ ಹೋಗುವಾಗ ಮಾತ್ರ ತಡೆಯುತ್ತವೆ, ವಾಪಸ್ ನೇರಕ್ಕೆ ಬರುವಾಗ ಬಿಟ್ಟುಬಿಡುತ್ತವೆ. ಇನ್ನು ಕೆಲವು ಎರಡೂ ಕಡೆ ತಡೆಯುತ್ತವೆ. ಕಾಡುದಾರಿಯ ಕಿರಿದಾದ ತಿರುವುಗಳಿಗೆ ನನಗೆ ಮೊದಲನೆಯದೇ ಇಷ್ಟ. ನಿಧಾನ ತಿರುವಿಗೆ ಒಂದು, ಜೋರು ಹೊಡೆತಕ್ಕೆ ಒಂದು ಅಂತ ಎರಡು ಬೇರೆ ಬೇರೆ ಸೆಟ್ಟಿಂಗ್ ಇರುವವೂ ಸಿಗುತ್ತವೆ.

ಮೂರನೆಯದು ಎಲೆಕ್ಟ್ರಾನಿಕ್. 2004ರ ಹೋಂಡಾ ಸಿಬಿಆರ್1000ಆರ್‌ಆರ್‌ನಲ್ಲಿ ಬಂತು. ಬೈಕಿನ ವೇಗ, ಅದು ಏರುತ್ತಿರುವ ರೀತಿ ನೋಡಿಕೊಂಡು ಅದೇ ಬಿಗಿ ಮಾಡಿಕೊಳ್ಳುತ್ತದೆ, ನಿಧಾನಕ್ಕೆ ಹೋಗುವಾಗ ಸಡಿಲ ಬಿಡುತ್ತದೆ. ಒಳ್ಳೆಯ ವ್ಯವಸ್ಥೆ, ಆದರೆ ಕಂಪನಿಯಿಂದಲೇ ಬರಬೇಕಾದದ್ದು.

ನಿಮ್ಮದೇ ಮಾಡೆಲ್‌ಗೆ ಅಂತ ಮಾಡಿದ ಬ್ರ್ಯಾಕೆಟ್ ಕಿಟ್ ಇಲ್ಲದಿದ್ದರೆ ಕೈಬಿಡಿ. ಚಾಸಿಗೆ ತೂತು ಕೊರೆದು, ವೆಲ್ಡಿಂಗ್ ಮಾಡಿ ಕೂರಿಸುವ ಸಾಹಸ ಬೇಡ.

6. ಜೋಡಿಸುವುದು

ಬೈಕ್ ನೇರ ನಿಲ್ಲಲಿ, ಮುಂದಿನ ಚಕ್ರ ಎತ್ತಿರಲಿ. ಬ್ರ್ಯಾಕೆಟ್‌ಗಳನ್ನು ಕೈಯಲ್ಲಿ ಸಡಿಲವಾಗಿ ಕೂರಿಸಿ, ಬೋಲ್ಟ್ ಈಗಲೇ ಬಿಗಿಯಬೇಡಿ.

ಹ್ಯಾಂಡಲ್ ನೇರ ಇದ್ದಾಗ ರಾಡ್ ತನ್ನ ಓಟದ ಹೆಚ್ಚುಕಡಿಮೆ ನಡುವೆ ಇರಬೇಕು. ಈಗ ರಾಡ್ ಮೇಲೆ ಒಂದು ತೆಳು ರಬ್ಬರ್ ಉಂಗುರ ಹಾಕಿ, ಅಥವಾ ಕೇಬಲ್ ಟೈ ಸಡಿಲವಾಗಿ ಸುತ್ತಿ ಕೊಳವೆಯ ಬಾಯಿಗೆ ತಾಗಿಸಿಡಿ. ಹ್ಯಾಂಡಲನ್ನು ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ಒಯ್ಯಿರಿ. ರಾಡ್ ಎಷ್ಟು ಒಳಗೆ ಹೋಯಿತು ಅಂತ ಆ ಉಂಗುರ ತೋರಿಸುತ್ತದೆ. ಎರಡೂ ತುದಿಯಲ್ಲಿ ಕೆಲವು ಮಿ.ಮೀ. ಓಟ ಉಳಿದಿರಲೇಬೇಕು.

ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಹ್ಯಾಂಡಲ್ ನಿಲ್ಲಬೇಕಾದದ್ದು ಚಾಸಿಯ ಮೇಲಿರುವ ಸ್ಟಾಪರ್‌ಗೆ ತಾಗಿ. ಡ್ಯಾಂಪರ್ ರಾಡ್ ಕೊನೆ ಮುಟ್ಟಿ ನಿಂತರೆ ಇಡೀ ಹೊಡೆತ ಅದರ ಮೇಲೆ ಬಿದ್ದು ರಾಡ್ ಬಾಗುತ್ತದೆ ಅಥವಾ ಬ್ರ್ಯಾಕೆಟ್ ಮುರಿಯುತ್ತದೆ. ಮುರಿದ ತುಂಡು ಸಿಕ್ಕಿಕೊಂಡು ಹ್ಯಾಂಡಲ್ ತಿರುಗದೆ ಹೋದರೆ ಆಮೇಲೆ ಏನು ಮಾಡಲೂ ಆಗುವುದಿಲ್ಲ. ಡ್ಯಾಂಪರ್ ಹ್ಯಾಂಡಲ್ ತಿರುವನ್ನು ತಡೆಯುವ ಸ್ಟಾಪರ್ ಆಗಬಾರದು ಅಂತ ಎಫ್ಐಎಂ, ಅಂದರೆ ಅಂತಾರಾಷ್ಟ್ರೀಯ ಮೋಟರ್‌ಸೈಕಲ್ ಒಕ್ಕೂಟದ ರೇಸ್ ನಿಯಮದಲ್ಲೇ ಇದೆ.

ಫೋರ್ಕ್ ಕೊಳವೆಗೆ ಹಾಕುವ ಕ್ಲ್ಯಾಂಪನ್ನು ಜೋರಾಗಿ ಬಿಗಿದರೆ ಕೊಳವೆ ಅಮುಕಿಹೋಗುತ್ತದೆ. ಕಿಟ್ ಜೊತೆ ಬಂದ ಕಾಗದದಲ್ಲಿ ಹೇಳಿದಷ್ಟೇ ಟಾರ್ಕ್ ರೆಂಚ್‌ನಿಂದ, ಅಂದರೆ ಎಷ್ಟು ಬಿಗಿಯಾಯಿತು ಅಂತ ಅಳೆದು ತೋರಿಸುವ ಸ್ಪ್ಯಾನರ್‌ನಿಂದ ಬಿಗಿಯಿರಿ. ಬೋಲ್ಟ್‌ಗಳಿಗೆ ನೀಲಿ ಬಣ್ಣದ ಮಧ್ಯಮ ಥ್ರೆಡ್‌ಲಾಕ್ ಹಚ್ಚಿ, ಅಂದರೆ ಅದುರಿ ಸಡಿಲಾಗದಂತೆ ಹಿಡಿಯುವ ಅಂಟು. ಕೆಂಪು ಬೇಡ, ಬಿಚ್ಚಲು ಕಷ್ಟ.

ಕೊನೆಗೆ ಮತ್ತೊಮ್ಮೆ ಹ್ಯಾಂಡಲ್ ಪೂರ್ತಿ ತಿರುಗಿಸಿ, ಕಣ್ಣು ಬಗ್ಗಿಸಿ ನೋಡಿ. ಕ್ಲಚ್ ಕೇಬಲ್, ಬ್ರೇಕ್ ಪೈಪ್, ಎಬಿಎಸ್ ಸೆನ್ಸರ್ ವೈರ್ ಎಲ್ಲೂ ಸಿಕ್ಕಿಕೊಳ್ಳಬಾರದು, ಟ್ಯಾಂಕ್ ತಾಗಬಾರದು, ಕೀ ತಿರುಗಿಸಲು ಜಾಗ ಇರಬೇಕು. ಎಂಜಿನ್ ಆನ್ ಮಾಡಿ ನ್ಯೂಟ್ರಲ್‌ನಲ್ಲಿ ಹ್ಯಾಂಡಲ್ ತಿರುಗಿಸಿದಾಗ ಎಂಜಿನ್ ಶಬ್ದ ಏರಿದರೆ ಎಕ್ಸಿಲರೇಟರ್ ಕೇಬಲ್ ಎಳೆಯುತ್ತಿದೆ, ಹಾಗೇ ಹೊರಡಬೇಡಿ. ರಾಡ್ ತುದಿಯ ಬಾಲ್ ಜಾಯಿಂಟ್‌ಗಳು ಎಲ್ಲ ಕೋನದಲ್ಲೂ ಸಲೀಸಾಗಿ ಹೊರಳಬೇಕು.

7. ಸೆಟ್ಟಿಂಗ್

ಡ್ಯಾಂಪರ್‌ನ ಬಿಗಿ ಹೆಚ್ಚುಕಡಿಮೆ ಮಾಡುವ ಗುಬಟು ಪೂರ್ತಿ ಸಡಿಲ ಮಾಡಿ, ಅಲ್ಲಿಂದ ಶುರು ಮಾಡಿ. ತಿರುಗಿಸಿದಾಗ ಕ್ಲಿಕ್ ಕ್ಲಿಕ್ ಅನ್ನುತ್ತದೆ, ಎಣಿಸಿ ಬರೆದಿಡಿ.

ಮೊದಲು ಎಂಜಿನ್ ಇಲ್ಲದೆ ಬೈಕ್ ತಳ್ಳಿ ನೋಡಿ. ಆಮೇಲೆ ಖಾಲಿ ಜಾಗದಲ್ಲಿ ನಡಿಗೆಯ ವೇಗದಲ್ಲಿ ಇಂಗ್ಲಿಷ್ 8ರ ಆಕಾರದಲ್ಲಿ ಸುತ್ತಿ. ಹ್ಯಾಂಡಲ್ ಭಾರ ಅನ್ನಿಸಿದರೆ, ನೇರ ಹೋಗಲು ಬೈಕ್ ಸಣ್ಣಗೆ ಓಲಾಡಿದರೆ ಬಿಗಿ ಜಾಸ್ತಿಯಾಗಿದೆ. ಬೈಕ್ ಬೀಳದೆ ನಿಲ್ಲುವುದೇ ಹ್ಯಾಂಡಲ್‌ನ ಸಣ್ಣ ಸಣ್ಣ ತಿದ್ದುಪಡಿಗಳಿಂದ. ಸೈಕಲ್ ಹ್ಯಾಂಡಲ್ ಜಾಮ್ ಆದರೆ ಎರಡು ಮಾರು ಹೋಗಲೂ ಆಗುವುದಿಲ್ಲವಲ್ಲ, ಹಾಗೆ.

ಇದು ಸರಿಹೋದ ಮೇಲೆ ಪರಿಚಿತ ರಸ್ತೆಯಲ್ಲಿ ಓಡಿಸಿ, ಒಂದು ಸಲಕ್ಕೆ ಒಂದೋ ಎರಡೋ ಕ್ಲಿಕ್ ಏರಿಸಿ. ಅದುರು ಎಲ್ಲಿ ತಾನಾಗಿ ಸಾಯುತ್ತದೋ ಅಲ್ಲಿಗೆ ನಿಲ್ಲಿಸಿ. "ಇನ್ನೂ ಸ್ವಲ್ಪ ಇರಲಿ" ಅಂತ ಸುಮ್ನೆ ಬಿಗಿ ಮಾಡಬೇಡಿ, ಅದು ವೀವ್‌ಗೆ ಕರೆದಂತೆ. ಪೂರ್ತಿ ಬಿಗಿ ಮಾಡಿದರೆ ಮಾತ್ರ ಅದುರು ನಿಲ್ಲುತ್ತದೆ ಅನ್ನುವುದಾದರೆ ಎರಡನೇ ಹಂತಕ್ಕೆ ವಾಪಸ್ ಹೋಗಿ, ಅಲ್ಲಿ ಏನೋ ಬಿಟ್ಟುಹೋಗಿದೆ. ಚಳಿಯಲ್ಲಿ ಎಣ್ಣೆ ಗಟ್ಟಿ, ಬಿಸಿಲಲ್ಲಿ ತೆಳು. ಬೆಳಗಿನ ಸೆಟ್ಟಿಂಗ್ ಮಧ್ಯಾಹ್ನಕ್ಕೆ ಒಂದು ಕ್ಲಿಕ್ ಬೇರೆ ಬೇಕಾಗಬಹುದು.

8. ನೋಡಿಕೊಳ್ಳುವುದು

ಬೈಕ್ ತೊಳೆಯುವಾಗ ರಾಡ್ ಒರೆಸಿ, ಕೆಸರು ಒಣಗಿದರೆ ಸೀಲ್ ಕೊಯ್ಯುತ್ತದೆ. ಪ್ರೆಶರ್ ನೀರನ್ನು ಸೀಲ್ ಮೇಲೆ ನೇರ ಬಿಡಬೇಡಿ. ತಿಂಗಳಿಗೊಮ್ಮೆ ಬೋಲ್ಟ್, ಬಾಲ್ ಜಾಯಿಂಟ್‌ಗಳ ಆಟ ನೋಡಿ. ಜಾಯಿಂಟ್‌ನಲ್ಲಿ ಒಂದು ಮಿ.ಮೀ. ಆಟ ಇದ್ದರೂ ಹ್ಯಾಂಡಲ್ ಅಷ್ಟು ದೂರ ಡ್ಯಾಂಪರ್ ಇಲ್ಲದೆಯೇ ಓಡಾಡುತ್ತದೆ, ಸಣ್ಣ ಅದುರು ಹುಟ್ಟುವುದೇ ಆ ಜಾಗದಲ್ಲಿ. ಎಣ್ಣೆ ಒಸರಿದರೆ ಸರ್ವಿಸ್‌ಗೆ ಕೊಡಿ. ಕೋನ್ ಸೆಟ್ ತಪಾಸಣೆ ಮಾತ್ರ ನಿಲ್ಲಿಸಬೇಡಿ, ಪ್ರತಿ ಸಲವೂ ಡ್ಯಾಂಪರ್ ಬಿಚ್ಚಿಯೇ ನೋಡಿ.

ಡ್ಯಾಂಪರ್ ಇರಲಿ ಇಲ್ಲದಿರಲಿ, ರಸ್ತೆಯಲ್ಲಿ ಅದುರು ಶುರುವಾದರೆ

ಹಿಡಿತ ಸಡಿಲ ಮಾಡಿ, ಕೈ ಬಿಡಬೇಡಿ. ಮೊಣಕಾಲಿನಿಂದ ಟ್ಯಾಂಕ್ ಅವುಚಿ, ಮೈ ಸ್ವಲ್ಪ ಮುಂದಕ್ಕೆ ತನ್ನಿ, ಮುಂದಿನ ಚಕ್ರಕ್ಕೆ ಭಾರ ಬೀಳುತ್ತದೆ. ಮುಂದಿನ ಬ್ರೇಕ್ ಜಗ್ಗಬೇಡಿ. ಎಕ್ಸಿಲರೇಟರನ್ನು ಪಟ್ಟನೆ ಮುಚ್ಚಬೇಡಿ, ಮೆಲ್ಲಗೆ ಇಳಿಸಿ. ಹ್ಯಾಂಡಲ್ ಜೊತೆ ಕುಸ್ತಿ ಬೇಡ.

ನಿಂತಿತು ಅಂದುಕೊಳ್ಳಿ. ಇನ್ನೊಂದು ಕೆಲಸ ಬಾಕಿ ಇದೆ, ಇದನ್ನು ಬಹಳ ಜನರಿಗೆ ಯಾರೂ ಹೇಳಿರುವುದಿಲ್ಲ. ಚಕ್ರ ಜೋರಾಗಿ ಬಡಿದುಕೊಂಡಾಗ ಬ್ರೇಕ್ ಡಿಸ್ಕ್, ತನ್ನನ್ನು ಹಿಡಿಯುವ ಪ್ಯಾಡ್‌ಗಳನ್ನು ಒಳಕ್ಕೆ ತಳ್ಳಿಬಿಟ್ಟಿರಬಹುದು. ಆಗ ಮೊದಲ ಸಲ ಲಿವರ್ ಹಿಡಿದರೆ ಏನೂ ಸಿಗದೆ ಹ್ಯಾಂಡಲ್‌ವರೆಗೂ ಬಂದುಬಿಡುತ್ತದೆ, ಮುಂದೆ ತಿರುವು ಇದ್ದರೆ ಆ ಕ್ಷಣದಲ್ಲಿ ಬ್ರೇಕ್ ಇಲ್ಲ. ಹಾಗಾಗಿ ಬೈಕ್ ನೆಟ್ಟಗಾದ ಕೂಡಲೇ ಲಿವರನ್ನು ಎರಡು ಬೆರಳಿನಿಂದ ಮೆಲ್ಲಗೆ ಎರಡು ಮೂರು ಸಲ ಒತ್ತಿ ಬಿಡಿ. ಬೆರಳಿಗೆ ಗಟ್ಟಿ ತಾಗಿದ ಮೇಲೆ ಬ್ರೇಕ್ ಹಿಡಿದು, ಬೈಕನ್ನು ಬದಿಗೆ ನಿಲ್ಲಿಸಿ, ಮುಂದಿನ ಟೈರ್ ಮುಟ್ಟಿ ನೋಡಿ.